ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಅಧಿಕಾರಿ: ಬೆನಗಲ್ ನರಸಿಂಗ ರಾಯರು

ಭಾರತದ ಸಂವಿಧಾನ ರಚನೆಯ ಪಾಠ ಮಾಡುವಾಗ ನಮ್ಮ ಶಾಲೆಗಳಲ್ಲಿ ಡಾ. ಬಿ. ಆರ್. ಅಂಬೇಡ್ಕರ್, ಡಾ. ರಾಜೇಂದ್ರ ಪ್ರಸಾದ್, ಜವಾಹರಲಾಲ್ ನೆಹರೂ, ಸರ್ದಾರ್ ಪಟೇಲ್ ಮೊದಲಾದವರ ಹೆಸರುಗಳನ್ನು ಹೇಳುತ್ತೇವೆ. ಸಂವಿಧಾನ ರಚನಾ ಸಭೆಯ ಸದಸ್ಯರಾಗಿರದೆ, ಅಲ್ಲಿ ಮತ ಚಲಾಯಿಸುವ ಅಧಿಕಾರವಿಲ್ಲದೆ, ಸಂಬಳವನ್ನೂ ಪಡೆಯದೆ ಆ ಮಹಾಕಾರ್ಯದ ಮೊದಲ ಕರಡನ್ನು ಸಿದ್ಧಪಡಿಸಿದ ಅಧಿಕಾರಿಯೊಬ್ಬರ ಹೆಸರು ಮಾತ್ರ ಪಾಠದಲ್ಲಿ ಒಂದು ಸಾಲಿಗಷ್ಟೇ ಸೀಮಿತವಾಗುತ್ತದೆ. ಅವರು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರಾದ ಬೆನಗಲ್ ನರಸಿಂಗ ರಾಯರು. ಲೋಕಕ್ಕೆ ಸರ್ ಬಿ. ಎನ್. ರಾವ್ ಎಂದೇ ಪರಿಚಿತರು. ಗಡಿನಾಡಿನ ಕನ್ನಡಿಗರಾದ ನಾವು ಅವರ ಜೀವನವನ್ನು ತಿಳಿಯಬೇಕಾದುದಕ್ಕೆ ಊರಿನ ಅಭಿಮಾನಕ್ಕಿಂತ ದೊಡ್ಡ ಕಾರಣವೊಂದಿದೆ. ನಮ್ಮ ಮಕ್ಕಳ ಮಾತೃಭಾಷಾ ಶಿಕ್ಷಣಕ್ಕಾಗಿ ನಾವು ಮನವಿಗಳಲ್ಲಿ ಉಲ್ಲೇಖಿಸುವ ಸಂವಿಧಾನದ ವಿಧಿಗಳಲ್ಲಿ ಕೆಲವು ಬಲವಾಗಿಯೂ ಕೆಲವು ದುರ್ಬಲವಾಗಿಯೂ ಇರುವುದೇಕೆ ಎಂಬುದನ್ನು ಅರಿಯಲು ರಾಯರ ಆಲೋಚನೆಯ ಪರಿಚಯ ಅಗತ್ಯ.

ಹುಟ್ಟು ಮತ್ತು ವಿದ್ಯಾಭ್ಯಾಸ

ನರಸಿಂಗ ರಾಯರು ಜನಿಸಿದ್ದು 1887ರ ಫೆಬ್ರವರಿ 26ರಂದು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕಾಸರಗೋಡು ಆ ಜಿಲ್ಲೆಯ ಒಂದು ತಾಲೂಕಾಗಿತ್ತು. ತಂದೆ ಬೆನಗಲ್ ರಾಘವೇಂದ್ರ ರಾಯರು ವೈದ್ಯರು. ಕುಟುಂಬವು ಕೊಂಕಣಿ ಮನೆಮಾತಿನ ಚಿತ್ರಾಪುರ ಸಾರಸ್ವತ ಸಮಾಜಕ್ಕೆ ಸೇರಿದ್ದು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬ ಕರಾವಳಿಯ ಬಹುಭಾಷಾ ವಾತಾವರಣದಲ್ಲಿ ಅವರ ಬಾಲ್ಯ ಕಳೆಯಿತು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಅವರ ಶಾಲಾ ಶಿಕ್ಷಣ ನಡೆಯಿತು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಸ್ಥಾಪಿಸಿದ ಆ ಶಾಲೆಯಿಂದ ಹೊರಬಂದಾಗ ಇಡೀ ಮದರಾಸು ಪ್ರಾಂತ್ಯದ ವಿದ್ಯಾರ್ಥಿಗಳ ಪೈಕಿ ಅವರ ಹೆಸರು ಮೊದಲಿನದಾಗಿತ್ತು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್, ಭೌತಶಾಸ್ತ್ರ ಮತ್ತು ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ ಪಡೆದು, ಮರುವರ್ಷ ಗಣಿತದಲ್ಲಿಯೂ ಅದನ್ನೇ ಸಾಧಿಸಿದರು. ಬಳಿಕ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜನ್ನು ಸೇರಿ, 1909ರಲ್ಲಿ ಗಣಿತದ ಉನ್ನತ ಪರೀಕ್ಷೆಯನ್ನು ಮುಗಿಸಿದರು. ಅದೇ ಕಾಲದಲ್ಲಿ ಅದೇ ಕಾಲೇಜಿನಲ್ಲಿ ಜವಾಹರಲಾಲ್ ನೆಹರೂ ಕೂಡ ಓದುತ್ತಿದ್ದರು. ಮಂಗಳೂರಿನ ಈ ಹುಡುಗ ಅಪಾರ ಬುದ್ಧಿವಂತ, ಆದರೆ ಪಾಠಕ್ಕೂ ಊಟಕ್ಕೂ ಹೊರತು ಕೋಣೆಯಿಂದ ಹೊರಗೆ ಬರುವವನಲ್ಲ ಎಂಬ ಅರ್ಥದಲ್ಲಿ ನೆಹರೂ ತಂದೆಗೆ ಪತ್ರ ಬರೆದಿದ್ದರು. ಆ ಇಬ್ಬರು ಸಹಪಾಠಿಗಳ ದಾರಿಗಳು ಅಲ್ಲಿಂದ ಬೇರೆಯಾದವು. ಮತ್ತೆ ಕೂಡಿದ್ದು ಸುಮಾರು ಮೂವತ್ತೇಳು ವರ್ಷಗಳ ನಂತರ.

ಕಡತದಿಂದ ಕಾನೂನಿಗೆ

1909ರಲ್ಲಿಯೇ ರಾಯರು ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಇಂದಿನ ಐ.ಎ.ಎಸ್.ಗೆ ಪೂರ್ವರೂಪವಾದ ಈ ಸೇವೆಗೆ ಆಗ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಆಯ್ಕೆಯಾಗುತ್ತಿದ್ದ ಭಾರತೀಯರು ಬೆರಳೆಣಿಕೆಯವರು. ಬಂಗಾಳ ಪ್ರಾಂತ್ಯಕ್ಕೆ ನಿಯುಕ್ತರಾದ ರಾಯರು ಕೆಲಕಾಲ ಆಡಳಿತ ವಿಭಾಗದಲ್ಲಿದ್ದು, ಬಳಿಕ ನ್ಯಾಯಾಂಗ ವಿಭಾಗಕ್ಕೆ ಬಂದು, ಪೂರ್ವ ಬಂಗಾಳದ ಹಲವು ಜಿಲ್ಲೆಗಳಲ್ಲಿ ನ್ಯಾಯಾಧೀಶರಾದರು. 1925ರಲ್ಲಿ ಅಸ್ಸಾಂ ಸರ್ಕಾರವು ಅವರಿಗೆ ಎರಡು ಹೊಣೆಗಳನ್ನು ಒಟ್ಟಿಗೆ ವಹಿಸಿತು: ಪ್ರಾಂತೀಯ ಶಾಸನ ಪರಿಷತ್ತಿನ ಕಾರ್ಯದರ್ಶಿ ಸ್ಥಾನ ಹಾಗೂ ಸರ್ಕಾರದ ಕಾನೂನು ಸಲಹೆಗಾರರ ಸ್ಥಾನ. ಮಸೂದೆಯೊಂದರ ಆಶಯವನ್ನು ಗ್ರಹಿಸಿ, ನ್ಯಾಯಾಲಯದಲ್ಲಿ ನಿಲ್ಲುವಂತೆ ಅದನ್ನು ಪದಗಳಲ್ಲಿ ಹಿಡಿದಿಡುವ ವಿದ್ಯೆಯನ್ನು ಅವರು ಪಳಗಿಸಿಕೊಂಡದ್ದು ಅಲ್ಲಿ ಕಳೆದ ಸುಮಾರು ಎಂಟು ವರ್ಷಗಳಲ್ಲಿ.

ಅನಂತರ ದೆಹಲಿಗೆ ಬಂದು, 1935ರ ಭಾರತ ಸರ್ಕಾರ ಕಾಯ್ದೆಗೆ ಸಂಬಂಧಿಸಿದ ಕೆಲಸದಲ್ಲಿ ತೊಡಗಿದರು. ಆ ಕಾಯ್ದೆಗೆ ಹೊಂದುವಂತೆ ದೇಶದ ಹಳೆಯ ಕಾನೂನುಗಳನ್ನೆಲ್ಲ ಪರಿಷ್ಕರಿಸುವ ಬೃಹತ್ ಕಾರ್ಯವೂ ಅವರ ಪಾಲಿಗೆ ಬಂತು. 1938ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಮುಂದೆ ಅವರು ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಸಹಪಾಠಿ ನೆಹರೂ ಸೆರೆಮನೆಯಲ್ಲಿ ವರ್ಷಗಳನ್ನು ಕಳೆಯುತ್ತಿದ್ದ ಕಾಲದಲ್ಲಿ ರಾಯರು ಬ್ರಿಟಿಷ್ ಸರ್ಕಾರದ ಉನ್ನತ ಹುದ್ದೆಗಳಲ್ಲಿದ್ದರು. ಸ್ವಾತಂತ್ರ್ಯ ಚಳವಳಿಗೆ ಅವರು ಧುಮುಕಲಿಲ್ಲ. ಈ ಕಾರಣಕ್ಕೆ ಅವರನ್ನು ಸಂಶಯದಿಂದ ನೋಡುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಪರಕೀಯರ ಸೇವೆಯಲ್ಲಿ ಅವರು ಗಳಿಸಿದ ಅನುಭವವೇ ಸ್ವತಂತ್ರ ಭಾರತದ ಅಡಿಪಾಯಕ್ಕೆ ಬೇಕಾದ ಕಲ್ಲಾಯಿತು ಎಂಬುದೂ ಅಷ್ಟೇ ನಿಜ.

ನೀರು ಮತ್ತು ಹೆಣ್ಣುಮಕ್ಕಳ ಪಾಲು

ಉಚ್ಚ ನ್ಯಾಯಾಲಯದಲ್ಲಿದ್ದಾಗ ಸರ್ಕಾರವು ಅವರಿಗೆ ವಹಿಸಿದ ಎರಡು ವಿಶೇಷ ಕಾರ್ಯಗಳು ಇಂದಿಗೂ ನಮ್ಮ ಬದುಕನ್ನು ಮುಟ್ಟುತ್ತವೆ.

ಮೊದಲನೆಯದು ಸಿಂಧೂ ಜಲ ಆಯೋಗ. ಪಂಜಾಬ್ ಪ್ರಾಂತ್ಯವು ನದಿಯ ಮೇಲ್ಭಾಗದಲ್ಲಿ ಹೊಸ ಯೋಜನೆಗಳನ್ನು ಕೈಗೊಂಡರೆ ತನಗೆ ನೀರಿಲ್ಲದಂತಾದೀತೆಂದು ಕೆಳಭಾಗದ ಸಿಂಧ್ ಪ್ರಾಂತ್ಯ ದೂರಿತ್ತು. ರಾಯರ ಅಧ್ಯಕ್ಷತೆಯ ಆಯೋಗ 1942ರಲ್ಲಿ ವರದಿ ನೀಡಿತು. ಮೇಲಿನವರು ನೀರೆಲ್ಲವೂ ತಮ್ಮದೆನ್ನುವಂತಿಲ್ಲ. ಕೆಳಗಿನವರು ನದಿ ಎಂದಿನಂತೆಯೇ ಹರಿಯಬೇಕೆಂದು ಹಟ ಹಿಡಿಯುವಂತಿಲ್ಲ. ಪರಸ್ಪರ ಒಪ್ಪಂದವಾಗದಿದ್ದರೆ ನ್ಯಾಯಸಮ್ಮತವಾದ ಹಂಚಿಕೆಯೇ ದಾರಿ ಎಂಬುದು ಅದರ ತಿರುಳು. ಕೃಷ್ಣಾ, ಕಾವೇರಿ ನದಿಗಳ ವ್ಯಾಜ್ಯಗಳಲ್ಲಿಯೂ ಮುಂದೆ ನಮ್ಮ ನ್ಯಾಯಮಂಡಳಿಗಳು ಹಿಡಿದದ್ದು ಇದೇ ನ್ಯಾಯಸಮ್ಮತ ಹಂಚಿಕೆಯ ತತ್ತ್ವವನ್ನು. ಎರಡು ರಾಜ್ಯಗಳ ನಡುವೆ ಬದುಕುವ ಗಡಿನಾಡಿನ ರೈತರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಹಿಂದೂ ಕಾನೂನು ಸಮಿತಿ. 1941ರಲ್ಲಿ ರಚನೆಯಾಗಿ, 1944ರಲ್ಲಿ ಪುನಃ ಕಾರ್ಯಾರಂಭ ಮಾಡಿದ ಈ ಸಮಿತಿಗೂ ರಾಯರೇ ಅಧ್ಯಕ್ಷರು. ದೇಶದ ಹಲವು ನಗರಗಳಿಗೆ ಹೋಗಿ ಪರ ವಿರೋಧದ ಸಾಕ್ಷ್ಯಗಳನ್ನು ಆಲಿಸಿದ ಸಮಿತಿಯು ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಏಕಪತ್ನಿತ್ವ, ಅಗತ್ಯ ಸಂದರ್ಭಗಳಲ್ಲಿ ವಿಚ್ಛೇದನ ಮೊದಲಾದ ಸುಧಾರಣೆಗಳನ್ನು ಸೂಚಿಸಿತು. ಪ್ರತಿಭಟನೆ ತೀವ್ರವಾಗಿತ್ತು. ಇದೇ ನೆಲೆಯ ಮೇಲೆ ಅಂಬೇಡ್ಕರ್ ಅವರು ಹಿಂದೂ ಸಂಹಿತೆಯ ಮಸೂದೆಯನ್ನು ಮುಂದಕ್ಕೆ ಕೊಂಡೊಯ್ದರು. 1955ರ ಹಿಂದೂ ವಿವಾಹ ಕಾಯ್ದೆಯೂ 1956ರ ಉತ್ತರಾಧಿಕಾರ ಕಾಯ್ದೆಯೂ ಬರುವ ಹೊತ್ತಿಗೆ ರಾಯರು ಬದುಕಿರಲಿಲ್ಲ.

1944ರಲ್ಲಿ ಸೇವೆಯಿಂದ ನಿವೃತ್ತರಾದ ರಾಯರು ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಉಂಟಾದಾಗ, ಹುದ್ದೆಗೆ ಅಂಟಿಕೊಳ್ಳದೆ ಮರುವರ್ಷವೇ ರಾಜೀನಾಮೆ ಕೊಟ್ಟು ಹಿಂತಿರುಗಿದರು.

ಸಂವಿಧಾನ ಸಭೆಯ ಸಲಹೆಗಾರ

1946ರ ಜುಲೈಯಲ್ಲಿ ಅವರು ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ ನಿಯುಕ್ತರಾದರು. ಆ ಹೊಣೆಯನ್ನು ಅವರು ಗೌರವ ಸೇವೆಯಾಗಿ ನಿರ್ವಹಿಸಿದರು. ಸಭೆ ಮೊದಲ ಬಾರಿಗೆ ಸೇರಿದ್ದು ಆ ವರ್ಷದ ಡಿಸೆಂಬರ್ 9ರಂದು. ಅದಕ್ಕೆ ತಿಂಗಳುಗಳ ಮೊದಲೇ ರಾಯರ ಕೆಲಸ ಆರಂಭವಾಗಿತ್ತು. ಜಗತ್ತಿನ ನಾನಾ ದೇಶಗಳ ಸಂವಿಧಾನಗಳಿಂದ ಸಾಮಗ್ರಿಯನ್ನು ಸಂಗ್ರಹಿಸಿ ಸದಸ್ಯರಿಗಾಗಿ ಸಂಪುಟಗಳನ್ನು ಹೊರತಂದರು. ರಾಷ್ಟ್ರಪತಿ ಹೇಗೆ ಆಯ್ಕೆಯಾಗಬೇಕು, ಸಂಸತ್ತಿನ ರಚನೆ ಹೇಗಿರಬೇಕು ಮುಂತಾದ ವಿಷಯಗಳ ಕುರಿತು ಪ್ರಶ್ನಾವಳಿಯನ್ನು ಸಿದ್ಧಪಡಿಸಿ 1947ರ ಮಾರ್ಚ್‌ನಲ್ಲಿ ಶಾಸಕರಿಗೆ ಕಳುಹಿಸಿದರು. ಯಾರೂ ಅರೆತಿಳಿವಳಿಕೆಯಿಂದ ಚರ್ಚೆಗೆ ಇಳಿಯಬಾರದೆಂಬುದು ಅವರ ಕಾಳಜಿ.

ಸಭೆಯ ವಿವಿಧ ಸಮಿತಿಗಳು ಕೈಗೊಂಡ ನಿರ್ಣಯಗಳನ್ನೆಲ್ಲ ಒಟ್ಟುಗೂಡಿಸಿ, 1947ರ ಅಕ್ಟೋಬರ್ ವೇಳೆಗೆ ರಾಯರು 243 ವಿಧಿಗಳೂ 13 ಅನುಸೂಚಿಗಳೂ ಇದ್ದ ಮೊದಲ ಕರಡನ್ನು ಸಿದ್ಧಪಡಿಸಿದರು. ಅದನ್ನು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೂಲಂಕಷವಾಗಿ ಪರಿಶೀಲಿಸಿ, ತಿದ್ದಿ, ಬೆಳೆಸಿ, 1948ರ ಫೆಬ್ರವರಿಯಲ್ಲಿ 315 ವಿಧಿಗಳ ಕರಡನ್ನಾಗಿ ರೂಪಿಸಿತು. ಅಂತಿಮವಾಗಿ ಅಂಗೀಕೃತವಾದ ಸಂವಿಧಾನದಲ್ಲಿ 395 ವಿಧಿಗಳೂ 8 ಅನುಸೂಚಿಗಳೂ ಇದ್ದವು.

ಹಾಗಾದರೆ ಸಂವಿಧಾನವನ್ನು ಬರೆದವರು ಯಾರು ಎಂಬ ಪ್ರಶ್ನೆಯನ್ನು ಮಕ್ಕಳು ತರಗತಿಯಲ್ಲಿ ಕೇಳುವುದುಂಟು. ಕೆಲವರು ರಾಯರ ಹೆಸರನ್ನು ಮುಂದಿಟ್ಟು ಅಂಬೇಡ್ಕರರ ಶ್ರಮವನ್ನು ಕಿರಿದುಗೊಳಿಸುವುದೂ ಉಂಟು. ಇದು ಇಬ್ಬರಿಗೂ ಮಾಡುವ ಅನ್ಯಾಯ. ಸಭೆಯಲ್ಲಿ ಮಂಡನೆಯಾದ ತಿದ್ದುಪಡಿಗಳೇ 2,473. ಅವುಗಳ ಚರ್ಚೆಯುದ್ದಕ್ಕೂ ಎದ್ದು ನಿಂತು, ಪ್ರತಿಯೊಂದು ವಿಧಿಯನ್ನು ಸಮರ್ಥಿಸುವ ಇಲ್ಲವೇ ತಿದ್ದಿಕೊಳ್ಳುವ ಹೊಣೆಯನ್ನು ಹೊತ್ತವರು ಅಂಬೇಡ್ಕರ್. 1949ರ ನವೆಂಬರ್ 25ರ ತಮ್ಮ ಸಮಾರೋಪ ಭಾಷಣದಲ್ಲಿ ಅವರೇ ತಮಗೆ ಸಂದ ಶ್ರೇಯಸ್ಸಿನ ಒಂದು ಭಾಗ ಬಿ. ಎನ್. ರಾಯರಿಗೂ, ಮುಖ್ಯ ಕರಡುಗಾರರಾದ ಎಸ್. ಎನ್. ಮುಖರ್ಜಿಯವರಿಗೂ ಸಲ್ಲಬೇಕೆಂದು ಉದಾರವಾಗಿ ಸ್ಮರಿಸಿದರು. ಮರುದಿನ ರಾಜೇಂದ್ರ ಪ್ರಸಾದರೂ ರಾಯರ ಗೌರವ ಸೇವೆಯನ್ನು ನೆನೆದರು. ಒಬ್ಬರು ಹಾಕಿದ ಬುನಾದಿಯ ಮೇಲೆ ಇನ್ನೊಬ್ಬರು ಗೋಡೆ ಎಬ್ಬಿಸಿ, ಮಳೆಗಾಳಿಗೆ ಮೈಯೊಡ್ಡಿ ಮನೆಯನ್ನು ಪೂರ್ತಿ ಮಾಡಿದರೆಂದು ಮಕ್ಕಳಿಗೆ ಹೇಳಿದರೆ ಸಾಕು.

ರಾಯರ ಮಾರ್ಗದರ್ಶನದಲ್ಲಿದ್ದ ಸಭೆಯ ಸಚಿವಾಲಯ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಆರಂಭಿಸಿತು. ಸಂವಿಧಾನ ಜಾರಿಗೆ ಬರುವ ಮೊದಲೇ, ವಯಸ್ಕ ಮತದಾನದ ಆಧಾರದ ಮೇಲೆ ಮತದಾರರ ಪಟ್ಟಿಯ ತಯಾರಿಗೆ ಕೈಹಾಕಿತು. ಓದು ಬರಹ ಬಾರದವರು, ಆಸ್ತಿಯಿಲ್ಲದವರು, ಮಹಿಳೆಯರು ಎಲ್ಲರ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆಯುವ ಈ ಕೆಲಸದ ಮುಂದುವರಿಕೆಯಾಗಿ, 1951-52ರ ಮೊದಲ ಮಹಾ ಚುನಾವಣೆಯ ಹೊತ್ತಿಗೆ ಮತದಾರರ ಸಂಖ್ಯೆ ಸುಮಾರು 17.3 ಕೋಟಿಗೆ ತಲುಪಿತ್ತು.

ಎರಡು ಬಗೆಯ ಹಕ್ಕುಗಳು

ನಮಗೆ ನೇರವಾಗಿ ಸಂಬಂಧಿಸಿದ ವಿಚಾರ ಇನ್ನು ಬರುತ್ತದೆ. 1946ರ ಸೆಪ್ಟೆಂಬರ್‌ನಲ್ಲಿ ಮೂಲಭೂತ ಹಕ್ಕುಗಳ ಕುರಿತು ಬರೆದ ಟಿಪ್ಪಣಿಯಲ್ಲಿ ರಾಯರು ಹಕ್ಕುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಉಲ್ಲಂಘನೆಯಾದರೆ ನ್ಯಾಯಾಲಯದ ಬಾಗಿಲು ತಟ್ಟಬಹುದಾದವು ಮೊದಲ ಬಗೆ. ಸರ್ಕಾರವು ದಾರಿದೀಪದಂತೆ ಮುಂದಿಟ್ಟುಕೊಳ್ಳಬೇಕಾದ, ಆದರೆ ನ್ಯಾಯಾಲಯದ ಮೂಲಕ ಬಲವಂತವಾಗಿ ಪಡೆಯಲಾಗದವು ಎರಡನೆಯ ಬಗೆ. ಐರ್ಲೆಂಡಿನ ಸಂವಿಧಾನದಲ್ಲಿ ಇಂಥ ವಿಂಗಡಣೆ ಆಗಲೇ ಇತ್ತು. ನಮ್ಮ ಸಂವಿಧಾನದ ಮೂರನೆಯ ಭಾಗದ ಮೂಲಭೂತ ಹಕ್ಕುಗಳೂ ನಾಲ್ಕನೆಯ ಭಾಗದ ನಿರ್ದೇಶಕ ತತ್ತ್ವಗಳೂ ಈ ವಿಂಗಡಣೆಯಂತೆಯೇ ನಿಂತಿವೆ. ಎರಡನೆಯ ಬಗೆಯದನ್ನು ರಾಯರು ಕಡೆಗಣಿಸಿರಲಿಲ್ಲ. ನಿರ್ದೇಶಕ ತತ್ತ್ವಗಳನ್ನು ಜಾರಿಗೊಳಿಸಲು ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ಅಡ್ಡಬಂದರೂ ಉಳಿಯುವಂತಾಗಬೇಕೆಂದು ಅವರು ತಿದ್ದುಪಡಿಯನ್ನು ಸೂಚಿಸಿದ್ದರು. ಅದು ಆಗ ಅಂಗೀಕಾರವಾಗಲಿಲ್ಲ.

ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂಬುದು ಎರಡನೆಯ ಗುಂಪಿಗೆ, 45ನೆಯ ವಿಧಿಯಾಗಿ ಸೇರಿತು. ಹತ್ತು ವರ್ಷಗಳೊಳಗೆ ಅದನ್ನು ಒದಗಿಸಲು ಪ್ರಯತ್ನಿಸಬೇಕೆಂದು ಹೇಳಿದ್ದರೂ, 86ನೆಯ ತಿದ್ದುಪಡಿಯ ಮೂಲಕ ಅದು 21ಎ ವಿಧಿಯಾಗಿ ಮೂಲಭೂತ ಹಕ್ಕಾದದ್ದು 2002ರಲ್ಲಿ. ಅರ್ಧ ಶತಮಾನ ಕಳೆದಿತ್ತು. ಹಕ್ಕು ಯಾವ ಭಾಗದಲ್ಲಿ ಬರೆಯಲ್ಪಟ್ಟಿದೆ ಎಂಬುದು ಎಷ್ಟು ತಲೆಮಾರುಗಳ ಮಕ್ಕಳ ಹಣೆಬರಹವನ್ನು ನಿರ್ಧರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಭಾಷಾ ಅಲ್ಪಸಂಖ್ಯಾತರ ವಿಷಯದಲ್ಲಿಯೂ ಇದೇ ಅಂತರವನ್ನು ಕಾಣುತ್ತೇವೆ. ತಮ್ಮ ಭಾಷೆ ಮತ್ತು ಲಿಪಿಯನ್ನು ಉಳಿಸಿಕೊಳ್ಳುವ 29ನೆಯ ವಿಧಿ, ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ 30ನೆಯ ವಿಧಿ ಮೂಲಭೂತ ಹಕ್ಕುಗಳು. ಆದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುವ 350ಎ ವಿಧಿಯೂ, ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸಬೇಕೆನ್ನುವ 350ಬಿ ವಿಧಿಯೂ ರಾಯರ ಕಾಲಾನಂತರ, 1956ರ ಏಳನೆಯ ತಿದ್ದುಪಡಿಯಿಂದ ಬಂದವು. ಅದೇ ವರ್ಷದ ನವೆಂಬರ್ 1ರಂದು ರಾಯರ ಹುಟ್ಟುಜಿಲ್ಲೆ ಇಬ್ಭಾಗವಾಗಿ ಕಾಸರಗೋಡು ಕೇರಳಕ್ಕೆ ಸೇರಿತು. 350ಎ ವಿಧಿಯು ರಾಜ್ಯಕ್ಕೆ ಪ್ರಯತ್ನಿಸಬೇಕೆಂದು ಹೇಳುತ್ತದೆ; ಒದಗಿಸಲೇಬೇಕೆಂದು ಹೇಳುವುದಿಲ್ಲ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾದಾಗ, ಪಠ್ಯಪುಸ್ತಕ ತಡವಾದಾಗ ನಾವು ಮತ್ತೆ ಮತ್ತೆ ಮನವಿ ಹಿಡಿದು ಕಚೇರಿಗಳನ್ನು ಸುತ್ತಬೇಕಾಗುವುದು ಈ ಒಂದು ಪದದ ವ್ಯತ್ಯಾಸದಿಂದಲೂ ಹೌದು.

ಒಂದು ಸಲಹೆ, ಅದರ ಪರಿಣಾಮ

1947ರ ಕೊನೆಯ ತಿಂಗಳುಗಳಲ್ಲಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡಿಗೆ ಹೋಗಿ ಅಲ್ಲಿನ ನ್ಯಾಯಾಧೀಶರು, ರಾಜಕೀಯ ನಾಯಕರೊಂದಿಗೆ ಸಮಾಲೋಚಿಸಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಂದಿಗಿನ ಮಾತುಕತೆ ದೂರಗಾಮಿಯಾಯಿತು. ಕಾನೂನಿನ ಪ್ರಕ್ರಿಯೆ ನ್ಯಾಯೋಚಿತವೇ ಎಂದು ಅಳೆಯುವ ವಿಶಾಲ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟರೆ, ಜನಪ್ರತಿನಿಧಿಗಳು ಮಾಡಿದ ಸುಧಾರಣೆಯ ಕಾನೂನುಗಳನ್ನು ಕೆಲವೇ ನ್ಯಾಯಾಧೀಶರು ರದ್ದುಗೊಳಿಸಬಹುದೆಂಬ ಆತಂಕ ಫ್ರಾಂಕ್‌ಫರ್ಟರರದು. ರಾಯರಿಗೂ ಇದು ಸರಿಯೆನಿಸಿತು. ಮುಂದೆ ಕರಡು ಸಮಿತಿಯು 21ನೆಯ ವಿಧಿಯಲ್ಲಿ ಜಪಾನಿನ ಸಂವಿಧಾನದ ಮಾದರಿಯನ್ನು ಅನುಸರಿಸಿ ಹೆಚ್ಚು ಸೀಮಿತವಾದ ಪದಗಳನ್ನು ಬಳಸಿತು.

ಇದರ ಬೆಲೆಯನ್ನು ಮೊದಲು ತೆತ್ತವರಲ್ಲಿ ಒಬ್ಬರು ಎ. ಕೆ. ಗೋಪಾಲನ್. ವಿಚಾರಣೆಯಿಲ್ಲದೆ ತಮ್ಮನ್ನು ಸೆರೆಯಲ್ಲಿಟ್ಟ ಕಾನೂನನ್ನು ಅವರು ಪ್ರಶ್ನಿಸಿದಾಗ, 1950ರಲ್ಲಿ ಸುಪ್ರೀಂ ಕೋರ್ಟು ಆ ಸೀಮಿತ ಪದಗಳನ್ನೇ ಆಧರಿಸಿ ಅವರ ಬಿಡುಗಡೆಯ ಕೋರಿಕೆಯನ್ನು ತಳ್ಳಿಹಾಕಿತು. 1957ರಿಂದ ಮೂರು ಬಾರಿ ಕಾಸರಗೋಡು ಲೋಕಸಭಾ ಕ್ಷೇತ್ರದಿಂದ ಆಯ್ಕೆಯಾದವರು ಇದೇ ಗೋಪಾಲನ್. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ನ್ಯಾಯಾಲಯ ತನ್ನ ನಿಲುವನ್ನು ಬದಲಿಸಿ, ಪ್ರಕ್ರಿಯೆಯು ನ್ಯಾಯಯುತವಾಗಿರಲೇಬೇಕೆಂದು ಸಾರಿತು. 1993ರಲ್ಲಿ ಇದೇ 21ನೆಯ ವಿಧಿಯೊಳಗೆ ಮಕ್ಕಳ ಶಿಕ್ಷಣದ ಹಕ್ಕನ್ನೂ ನ್ಯಾಯಾಲಯ ಕಂಡಿತು. ಜನರ ಹಿತಕ್ಕಾಗಿಯೇ ರಾಯರು ಸಂಕುಚಿತಗೊಳಿಸಲು ಬಯಸಿದ ಬಾಗಿಲು, ಜನರ ಹಿತಕ್ಕಾಗಿಯೇ ಮುಂದೆ ತೆರೆಯಬೇಕಾಯಿತು. ಸಲಹೆ ಸದುದ್ದೇಶದಿಂದ ಕೂಡಿದ್ದರೂ ಅದರ ಫಲವನ್ನು ಕಾಲವೇ ಪರೀಕ್ಷಿಸುತ್ತದೆ.

ವಿಶ್ವಸಂಸ್ಥೆಯಲ್ಲಿ

ನೆರೆಯ ಬರ್ಮಾ ದೇಶದ ಸಂವಿಧಾನ ರಚನೆಗೂ ರಾಯರು ನೆರವಾದರು. ಬಳಿಕ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ಸರದಿಯಂತೆ ಭಾರತಕ್ಕೆ ಬಂದಿತ್ತು. ಆ ತಿಂಗಳ 25ರಂದೇ ಕೊರಿಯಾ ಯುದ್ಧ ಆರಂಭವಾಯಿತು. ಆಕ್ರಮಣವನ್ನು ನಿಲ್ಲಿಸಬೇಕೆಂಬ ಮೊದಲ ಠರಾವಿಗೆ ರಾಯರು ಮತ ನೀಡಿದರು. ಎರಡು ದಿನಗಳ ನಂತರ ಸೈನಿಕ ನೆರವಿನ ಠರಾವು ಬಂದಾಗ, ದೆಹಲಿಯಿಂದ ಸೂಚನೆ ತಲುಪಿರಲಿಲ್ಲವಾದ್ದರಿಂದ ಮತದಾನದಲ್ಲಿ ಭಾಗವಹಿಸಲಿಲ್ಲ. ಇಡೀ ಜಗತ್ತು ನೋಡುತ್ತಿದ್ದರೂ ತಮ್ಮ ಅಧಿಕಾರದ ಗೆರೆಯನ್ನು ಅವರು ದಾಟಲಿಲ್ಲ. ಆ ವರ್ಷದ ಕೊನೆಯಲ್ಲಿ ಕದನವಿರಾಮಕ್ಕಾಗಿ ರಚನೆಯಾದ ಮೂವರ ತಂಡದಲ್ಲಿ ಇರಾನಿನ ನಸ್ರೊಲ್ಲಾ ಎಂತೆಜಾಂ, ಕೆನಡಾದ ಲೆಸ್ಟರ್ ಪಿಯರ್ಸನ್ ಅವರೊಂದಿಗೆ ರಾಯರೂ ಇದ್ದರು.

1952ರಲ್ಲಿ ಅವರು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. ಇಂಗ್ಲೆಂಡ್ ಮತ್ತು ಇರಾನ್ ನಡುವಣ ತೈಲ ಕಂಪನಿಯ ವ್ಯಾಜ್ಯ ಅಲ್ಲಿಗೆ ಬಂದಾಗ, ಭದ್ರತಾ ಮಂಡಳಿಯಲ್ಲಿ ಅದೇ ವಿಷಯ ಚರ್ಚೆಯಾದಾಗ ತಾವು ಭಾರತದ ಪ್ರತಿನಿಧಿಯಾಗಿದ್ದೆವೆಂಬ ಕಾರಣಕ್ಕೆ ರಾಯರು ವಿಚಾರಣೆಯಿಂದ ಹೊರಗುಳಿದರು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಅವರು ಕೊನೆಯುಸಿರೆಳೆದರು. ಅವರ ಸಹೋದರರಲ್ಲಿ ಬೆನಗಲ್ ರಾಮ ರಾಯರು ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು. ಬೆನಗಲ್ ಶಿವ ರಾಯರು ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ, ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಆಯ್ಕೆಯಾದವರು.

ಗಡಿನಾಡಿನ ಮಕ್ಕಳಿಗೆ

ರಾಯರ ಬದುಕಿನಲ್ಲಿ ಚಳವಳಿಯ ಘೋಷಣೆಗಳಿಲ್ಲ, ಸೆರೆವಾಸವಿಲ್ಲ, ಜನಸ್ತೋಮದ ಜಯಕಾರವಿಲ್ಲ. ಮೇಜಿನ ಮುಂದೆ ಕುಳಿತು ಪದಗಳನ್ನು ಅಳೆದು ತೂಗಿದ ಮನುಷ್ಯನ ಕಥೆ ಇದು. ಆದರೆ ಆ ಪದಗಳ ನೆರಳಿನಲ್ಲಿಯೇ ನಾವು ನಮ್ಮ ಶಾಲೆಗಳನ್ನು ಉಳಿಸಿಕೊಳ್ಳಲು ಹೋರಾಡುತ್ತಿದ್ದೇವೆ. ಆದುದರಿಂದ ಪೋಷಕರಲ್ಲಿ ನಮ್ಮ ಕೋರಿಕೆ ಇಷ್ಟೇ: ಪ್ರೌಢಶಾಲೆಯಲ್ಲಿ ಓದುವ ಮಕ್ಕಳಿಗೆ ಸಂವಿಧಾನದ ಕನ್ನಡ ಪ್ರತಿಯೊಂದನ್ನು ಕೊಡಿಸಿ. 29, 30, 350ಎ ವಿಧಿಗಳನ್ನು ಅವರಿಂದ ಗಟ್ಟಿಯಾಗಿ ಓದಿಸಿ, ಹಕ್ಕು ಎಲ್ಲಿದೆ, ಪ್ರಯತ್ನ ಎಲ್ಲಿದೆ ಎಂದು ಗುರುತಿಸಲು ಕಲಿಸಿ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಲ್ಲಿ ಕೆಲವರಾದರೂ ನಾಗರಿಕ ಸೇವೆಗೆ, ಕಾನೂನಿನ ಅಧ್ಯಯನಕ್ಕೆ ಹೋಗಬೇಕು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಇಂದು ಕನ್ನಡದಲ್ಲಿಯೂ ಬರೆಯಬಹುದು. ಮನವಿಯನ್ನು ಸಲ್ಲಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮನವಿಗೆ ಉತ್ತರ ಬರೆಯುವ, ಆದೇಶದ ಕರಡನ್ನು ಸಿದ್ಧಪಡಿಸುವ ಮೇಜಿನ ಬಳಿಯೂ ನಮ್ಮ ಮಕ್ಕಳು ಕುಳಿತುಕೊಳ್ಳಬೇಕು.